ಕೇಳದೆ ಇಳಿದವನು

ನಮ್ಮ ಮನೆಗೆ ಬರುವವರು ಫೋನ್ ಮಾಡಿ ಬರಕೂಡದು ಎಂದು ಹೇಳಿ ಹೇಳಿ ಕರೆದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯಲ್ಲಿ ಹೇಳೋಣ ಎಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ಜಾರಿಕೊಳ್ಳುವ ಬುದ್ಧಿ ನನಗಿದೆ. ಈಗ ಬರೆಯುತ್ತಿರುವುದು ಆ ಬುದ್ಧಿಯ ಕಥೆಯೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಮೆರಿಕದಲ್ಲಿ ಕೆಲಸ ಸಿಕ್ಕಿದ್ದು ನನ್ನ ಹೆಂಡತಿಗೆ. ಅವಳು ನರ್ಸ್. ಅವಳ ಸೂಟ್‌ಕೇಸುಗಳ ಜೊತೆ ನಾನೂ ಒಂದು ಸಾಮಾನಾಗಿ ಬಂದೆ. ಅವಳು ರಾಲಿಯ ಆಸ್ಪತ್ರೆಗೆ ಹೋದಳು, ನಾನು ಊರಾಚೆಯ ಒಂದು ಪುಟ್ಟ ಏರ್‌ಪೋರ್ಟಿನಲ್ಲಿ ಸಣ್ಣ ವಿಮಾನಗಳಿಗೆ ಪೆಟ್ರೋಲ್ ತುಂಬಿಸುವ ಕೆಲಸಕ್ಕೆ ಸೇರಿದೆ. ಕನ್ನಡದವರು ಸೇರುವ ಕಡೆ ಯಾರಾದರೂ "ಎಲ್ಲಿ ಕೆಲಸ ಅಂಕಲ್?" ಎಂದರೆ "ಏರ್‌ಪೋರ್ಟಿನಲ್ಲಿ" ಎನ್ನುತ್ತಿದ್ದೆ. "ಯಾವ ಏರ್‌ಲೈನ್?" ಎಂದು ಅವರು ಮುಂದುವರಿಸುವಷ್ಟರಲ್ಲಿ ಇನ್ನೊಂದು ಹೋಳಿಗೆ ತರಲು ಎದ್ದು ಹೋಗಿರುತ್ತಿದ್ದೆ. ಹಾಗೆ ನಾನು ತಿಂದ ಹೋಳಿಗೆಗಳಿಗೆ ಲೆಕ್ಕವಿಲ್ಲ.

ಪೆಟ್ರೋಲ್ ತುಂಬಿಸುತ್ತಲೇ ವಿಮಾನ ನಡೆಸುವುದನ್ನು ಕಲಿತೆ. ಅಲ್ಲಿ ಕಲಿಸುತ್ತಿದ್ದವನೊಬ್ಬ ಕೆಲಸಗಾರರಿಗೆ ರಿಯಾಯಿತಿ ಕೊಡುತ್ತಿದ್ದ. ತಲೆ ನರೆತ ಮೇಲೆ ಲೈಸೆನ್ಸ್ ಬಂತು, ಅವತ್ತಿನಿಂದ ನಾನು 'ಪೈಲಟ್ ಅಂಕಲ್' ಆದೆ. ಎರಡು ಸೀಟಿನ ಹಳೆಯ ವಿಮಾನ ಹಾರಿಸುವವನಿಗೂ ಬೆಂಗಳೂರಿನಿಂದ ಮುನ್ನೂರು ಜನರನ್ನು ಹೊತ್ತು ತರುವವನಿಗೂ ನಮ್ಮ ಭಾಷೆಯಲ್ಲಿ ಒಂದೇ ಪದ ಇರುವುದು ಎಂಥ ಅನುಕೂಲ! ಆ ಅನುಕೂಲವನ್ನು ನಾನು ಪೂರ್ತಿ ಬಳಸಿಕೊಂಡೆ. ಯಾರಾದರೂ ಅಪಾರ್ಥ ಮಾಡಿಕೊಂಡರೆ ತಿದ್ದುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಕೋವಿಡ್ ಮುಗಿಯುವ ಹೊತ್ತಿಗೆ ಹೆಂಡತಿ ನಿವೃತ್ತಿಯಾದಳು. ಜನರಿಂದ ದೂರ, ಮಣ್ಣು ಇರುವ ಕಡೆ ಮನೆ ಬೇಕು ಎಂದಳು. ರಾಲಿಯಿಂದ ಒಂದು ಗಂಟೆ ದೂರದಲ್ಲಿ ಒಬ್ಬ ಮುದುಕ ಅಮೆರಿಕನ್ನನ ಜಮೀನು ಮಾರಾಟಕ್ಕಿತ್ತು. ಅವಳು ಮಣ್ಣು ನೋಡಿದಳು, ನಾನು ಜಮೀನಿನ ನಡುವೆ ಉದ್ದಕ್ಕೆ ಮಲಗಿದ್ದ ಹುಲ್ಲಿನ ರನ್‌ವೇ ನೋಡಿದೆ. ಒಂದು ತುದಿಯಲ್ಲಿ ಪೈನ್ ಮರಗಳು, ಇನ್ನೊಂದು ತುದಿಯಲ್ಲಿ ಸಣ್ಣ ಹಳ್ಳ, ಪಕ್ಕಕ್ಕೆ ವಾಲಿದ ಒಂದು ತಗಡಿನ ಶೆಡ್ಡು. ಪೈಲಟ್‌ಗಳ ನಕ್ಷೆಯಲ್ಲಿ ಆ ರನ್‌ವೇಗೆ ಒಂದು ಪುಟ್ಟ ಗುರುತಿದೆ, ಪಕ್ಕದಲ್ಲಿ ಖಾಸಗಿ ಎಂದು ಸೂಚಿಸುವ ಅಕ್ಷರಗಳಿವೆ. ಖಾಸಗಿ ಎಂದರೆ ಮಾಲೀಕರಿಗೆ ಮೊದಲೇ ಫೋನ್ ಮಾಡಿ, ಅವರು ಹೂಂ ಎಂದರೆ ಮಾತ್ರ ಇಳಿಯಬೇಕು.

ಈ ನಿಯಮ ಏಕಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಲ್ಲಿನ ರನ್‌ವೇ ಡಾಂಬರಿನಂತಲ್ಲ. ನಿನ್ನೆ ಗಟ್ಟಿ ಇದ್ದದ್ದು ಇವತ್ತು ಕೆಸರಾಗಿರುತ್ತದೆ. ಎಲ್ಲಿ ಮೆತ್ತಗಿದೆ, ಎಲ್ಲಿ ಜಿಂಕೆ ಮಲಗುತ್ತದೆ ಎಂಬುದು ಅಲ್ಲಿ ವಾಸ ಮಾಡುವವನಿಗೆ ಮಾತ್ರ ಗೊತ್ತು. ಫೋನ್ ಮಾಡಿದರೆ ಅವನು ಹೇಳುತ್ತಾನೆ. ಅಷ್ಟೇ ಅದರ ಅರ್ಥ. ಆದರೆ ನನಗೆ ಅದರಲ್ಲಿ ಕಂಡದ್ದು ಈ ದೇಶದ ಜಿಪುಣತನ.

ಇಲ್ಲಿಗೆ ಬಂದ ದಿನದಿಂದ ನನಗೊಂದು ಕೊರಗಿತ್ತು. ಹೇಳದೆ ಕೇಳದೆ ಮನೆಗೆ ಬರುವವರೇ ಇಲ್ಲ. ಮೈಸೂರಿನ ನಮ್ಮ ವಠಾರದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಯಾರಾದರೂ ಬಾಗಿಲಲ್ಲಿ ನಿಲ್ಲುತ್ತಿದ್ದರು, ಅಮ್ಮ ಸಾರಿಗೆ ಇನ್ನೊಂದು ಲೋಟ ನೀರು ಹಾಕುತ್ತಿದ್ದಳು. ಇಲ್ಲಿ ನಮ್ಮ ಕನ್ನಡದವರೇ ಮೆಸೇಜು ಕಳಿಸುತ್ತಾರೆ: ಶನಿವಾರ ನಾಲ್ಕರಿಂದ ಆರು ಓಕೆನಾ? ಬರುವ ಹೊತ್ತು ಹೇಳಲಿ, ಹೋಗುವ ಹೊತ್ತನ್ನೂ ಮೊದಲೇ ಹೇಳುವುದು ಯಾವ ಊರಿನ ಮರ್ಯಾದೆ? ನನ್ನ ಜಮೀನಿನಲ್ಲಿ ಇದನ್ನು ಬದಲಾಯಿಸುತ್ತೇನೆ ಎಂದು ತೀರ್ಮಾನಿಸಿದೆ. ಮೇಲಿನಿಂದ ಇಳಿದು ಬರುವ ಅತಿಥಿಗಳು, ಫೋನಿಲ್ಲ, ಮೆಸೇಜಿಲ್ಲ. ಆಕಾಶಕ್ಕೆ ಬಾಗಿಲು ತೆರೆದಿಟ್ಟ ಕನ್ನಡಿಗ ಎಂದು ಮನಸ್ಸಿನಲ್ಲೇ ನನಗೆ ನಾನೇ ಒಂದು ಬಿರುದು ಕೊಟ್ಟುಕೊಂಡೆ.

ವಿಮಾನ ನಡೆಸುವ ಕನ್ನಡದವರದು ಒಂದು ವಾಟ್ಸಾಪ್ ಗ್ರೂಪ್ ಇದೆ. ಬಹುಪಾಲು ಸಾಫ್ಟ್‌ವೇರಿನವರು. ವಾಷಿಂಗ್ಟನ್ ಹತ್ತಿರದ ಕೊಲಂಬಿಯಾದ ಒಬ್ಬರು ಹೃದಯದ ಡಾಕ್ಟರು, ಯಾರೂ ಆರಿಸದಿದ್ದರೂ ಗ್ರೂಪಿಗೆ ಅವರೇ ಯಜಮಾನರು. ರಾಲಿಯ ಒಬ್ಬ ಇನ್ನೂ ಐದು ಜನರೊಂದಿಗೆ ಸೇರಿ ಒಂದು ವಿಮಾನ ಕೊಂಡಿದ್ದಾನೆ, ಅದನ್ನು ಹಾರಿಸುವ ಸರದಿಯ ಬಗ್ಗೆ ಅವರ ಜಗಳ ಮುಗಿಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅಟ್ಲಾಂಟಾದವರೊಬ್ಬರು ಲೈಸೆನ್ಸ್ ಬಂದ ಮೇಲೆ ಹಾರಿದ್ದೇ ಇಲ್ಲ, ಆದರೆ ಮೋಡದ ಬಗ್ಗೆ ಪ್ರತಿದಿನ ಬರೆಯುತ್ತಾರೆ.

ಇವರನ್ನೆಲ್ಲ ಗ್ರೂಪಿನಲ್ಲಿ ಒಂದು ಸಾಲು ಹಾಕಿ ಕರೆದಿದ್ದರೆ ಆಗುತ್ತಿತ್ತು. ನನಗೆ ಅದು ಸಾಲದು. ಕರೆಯುವುದೆಂದರೆ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಇದೇನು ಗೃಹಪ್ರವೇಶವಾ ಎಂದು ಅವಳು ಕೇಳಿದಳು. ಹುಲ್ಲುಪ್ರವೇಶ ಎಂದೆ. ನನ್ನ ಜೋಕಿಗೆ ಅವಳು ನಕ್ಕು ಬಹಳ ವರ್ಷಗಳಾಗಿದ್ದವು, ಅವತ್ತೂ ನಗಲಿಲ್ಲ.

ಕೊಲಂಬಿಯಾದಲ್ಲಿ ಡಾಕ್ಟರು ನಮಗಾಗಿ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡಿದ್ದರು. ಅದನ್ನು ಬಾಗಿಲಲ್ಲೇ ಹೇಳಿದರು. ಕಾಫಿಯ ಜೊತೆ ರನ್‌ವೇಯ ಉದ್ದ ಎಷ್ಟು, ಇಳಿಜಾರು ಎಷ್ಟು, ನೀರು ನಿಲ್ಲುತ್ತದೆಯೇ, ಅತಿಥಿಗಳಿಗೆ ಅನ್ವಯಿಸುವ ವಿಮೆ ಇದೆಯೇ ಎಂದು ಒಂದೊಂದಾಗಿ ವಿಚಾರಿಸಿದರು. ಇವು ಸರಿಯಾದ ಪ್ರಶ್ನೆಗಳು. ನಾನು ಕೊಟ್ಟ ಉತ್ತರ ಹೀಗಿತ್ತು:

"ಮನೆಗೆ ಬನ್ನಿ ಅಂದ್ರೆ ಬಾಗಿಲಿನ ಅಗಲ ಕೇಳ್ತೀರಲ್ಲ ಡಾಕ್ಟ್ರೇ."

ಡಾಕ್ಟರ ಹೆಂಡತಿ ನಕ್ಕರು, ಡಾಕ್ಟರೂ ನಗಬೇಕಾಯಿತು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮುಂದಿನ ಎಲ್ಲ ಮನೆಗಳಲ್ಲೂ ಯಾರೂ ಉದ್ದ ಕೇಳದಿದ್ದರೂ ನಾನೇ ಆ ವಿಷಯ ಎತ್ತಿ ಅದನ್ನು ಹೇಳಿದೆ. ಡಾಕ್ಟರು ಕ್ಯಾಲೆಂಡರ್ ನೋಡಿ ಖಂಡಿತಾ ಬರುತ್ತೇನೆ ಎಂದರು. ರಾಲಿಯವನೂ ಖಂಡಿತಾ ಎಂದ. ಅಟ್ಲಾಂಟಾದವರಿಗೆ ಮಾತ್ರ ದೂರವಾಯಿತೆಂದು ವಿಡಿಯೋ ಕಾಲ್ ಮಾಡಿ ಪರದೆಗೇ ಕುಂಕುಮದ ಭರಣಿ ತೋರಿಸಿದೆವು, ಅವರೂ ಮೋಡ ಸರಿಯಾದರೆ ಖಂಡಿತಾ ಎಂದರು.

ಅಲ್ಲೇ ಹತ್ತಿರದ ರಾಕ್‌ವಿಲ್‌ಗೆ ಹೋದದ್ದು ಡಾಕ್ಟರ ಮನೆಯಿಂದ ನೇರವಾಗಿ. ಅಲ್ಲಿದ್ದವನು ಔಷಧಿ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವನು. ನಲವತ್ತು ದಾಟಿದ್ದರೂ ನನಗೆ ಹುಡುಗನೇ. ಮೈಸೂರಿನ ಮಂಡಿ ಮೊಹಲ್ಲಾದವನು, ನಮ್ಮ ವಠಾರದಿಂದ ಅವರ ಮನೆಗೆ ನಡೆದು ಹೋಗಬಹುದಿತ್ತು. ಅವರಪ್ಪನ ಗಡಿಯಾರದ ಅಂಗಡಿಯ ಮುಂದೆ ನಾನು ಎಷ್ಟೋ ಸಲ ಸೈಕಲ್ ನಿಲ್ಲಿಸಿದ್ದೇನೆ. ಗ್ರೂಪಿನಲ್ಲಿ ಎಲ್ಲರಿಗಿಂತ ಕಡಿಮೆ ಬರೆಯುವವನು, ಎಲ್ಲರಿಗಿಂತ ಹೆಚ್ಚು ಹಾರುವವನು ಅವನೇ. ವಾಷಿಂಗ್ಟನ್ನಿನ ಸುತ್ತಮುತ್ತ ಹಾರುವುದೆಂದರೆ ಸುಲಭವಲ್ಲ. ಹೊರಡುವ ಮೊದಲು ಎಲ್ಲಿಗೆ ಎಂದು ವಿಮಾನ ನಿಯಂತ್ರಣದವರಿಗೆ ತಿಳಿಸಬೇಕು, ಅವರು ಕೊಡುವ ಸಂಖ್ಯೆಗಾಗಿ ಕಾಯಬೇಕು. ಸುಮ್ಮನೆ ಎದ್ದು ಹೋದರೆ ಪಕ್ಕದಲ್ಲಿ ಯುದ್ಧವಿಮಾನ ಬಂದು ಮುಖ ನೋಡುತ್ತದೆ. ಪ್ರತಿ ಸಲವೂ ಕೇಳಿ, ಕಾದು, ಹೂಂ ಅನಿಸಿಕೊಂಡೇ ಆಕಾಶಕ್ಕೆ ಹೋಗುವ ಅಭ್ಯಾಸದವನು.

ಅವನು ಕೇಳಿದ. "ಅಂಕಲ್, ಹೊರಡೋ ಮುಂಚೆ ಒಂದು ಕಾಲ್ ಮಾಡ್ತೀನಿ. ಆಗಬಹುದಾ?"

"ಮಾಡಿದ್ರೆ ನನಗೆ ಬೇಜಾರಾಗುತ್ತೆ ಕಣಪ್ಪಾ. ನಿಮ್ಮಪ್ಪ ನಮ್ಮನೆಗೆ ಫೋನ್ ಮಾಡಿ ಬರ್ತಿದ್ರಾ? ಬರಬೇಕು ಅನಿಸಿದಾಗ ಬಂದ್ಬಿಡು."

ಅವರಪ್ಪ ನಮ್ಮ ಮನೆಗೆ ಯಾವತ್ತೂ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಫೋನೂ ಇರಲಿಲ್ಲ. ಆದರೂ ಆ ಮಾತು ಚೆನ್ನಾಗಿ ಕೇಳಿಸಿತು. ಅವನ ಕಣ್ಣು ಸ್ವಲ್ಪ ಒದ್ದೆಯಾದದ್ದನ್ನೂ ನೋಡಿದೆ.

ಅವನ ಹೆಂಡತಿಗೆ ಸಣ್ಣ ವಿಮಾನವೆಂದರೆ ಭಯ. ಒಂದು ಸಲ ಏರ್‌ಪೋರ್ಟಿನ ಸುತ್ತ ಒಂದು ಸುತ್ತು ಹಾಕಿ ಇಳಿದವಳು ಮತ್ತೆ ಹತ್ತಿರಲಿಲ್ಲ. ರಜೆಯ ದಿನ ಅವನು ಒಬ್ಬನೇ ಹಾರುತ್ತಾನೆ, ಅವಳು ಮನೆಯಲ್ಲಿ ಫೋನ್ ಹಿಡಿದು ಕೂತಿರುತ್ತಾಳೆ, ಇದು ಇಬ್ಬರಿಗೂ ಇಷ್ಟವಿಲ್ಲ ಎಂದು ಮಾತಿನಲ್ಲಿ ತಿಳಿಯಿತು. ನಾನು ಅವಳಿಗೆ ಧೈರ್ಯ ಹೇಳಿದೆ. ಹುಲ್ಲಿನ ಮೇಲೆ ಇಳಿಯುವುದು ಹಾಸಿಗೆಯ ಮೇಲೆ ಕೂತಂತೆ, ನನ್ನ ರನ್‌ವೇ ನನ್ನ ಅಂಗೈ ಇದ್ದ ಹಾಗೆ ಎಂದೆಲ್ಲ ಹೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ನೀವು ಹೇಳ್ತಿದ್ದೀರಲ್ಲ ಅಂಕಲ್, ಬರ್ತೀನಿ" ಎಂದಳು. ಅವಳು ಖಂಡಿತಾ ಎನ್ನಲಿಲ್ಲ. ಆ ವ್ಯತ್ಯಾಸ ಆಗ ನನಗೆ ತಿಳಿಯಲಿಲ್ಲ.

ಆಮೇಲೆ ಯಾರೂ ಬರಲಿಲ್ಲ.

ಪ್ರತಿ ಶುಕ್ರವಾರ ಹುಲ್ಲು ಕತ್ತರಿಸಿದೆ. ಶೆಡ್ಡಿನ ಮುಂದೆ ಮಡಿಸುವ ಕುರ್ಚಿಗಳನ್ನು ಸಾಲಾಗಿ ಹಾಕಿದೆ. ಎಂಜಿನ್ನಿನ ಸದ್ದು ಕೇಳಿದರೆ ಓಡಿ ಹೊರಗೆ ಬರುತ್ತಿದ್ದೆ, ನೋಡಿದರೆ ಹತ್ತಿಯ ಹೊಲಕ್ಕೆ ಔಷಧಿ ಹೊಡೆಯುವ ವಿಮಾನ. ಬೇಸಿಗೆ ಹೋಯಿತು, ಚಳಿಗಾಲವೂ ಹೋಯಿತು. ಗ್ರೂಪಿನಲ್ಲಿ ಮಾತ್ರ ಖಂಡಿತಾಗಳು ಹೆಚ್ಚುತ್ತಲೇ ಇದ್ದವು. ಕನ್ನಡದಲ್ಲಿ ಬರುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ಪದ ಇನ್ನೊಂದಿಲ್ಲ. ನನ್ನ ಕರೆಯನ್ನು ನಾನೇ ನಂಬುವುದನ್ನು ಬಿಟ್ಟೆ, ಆದರೆ ಬಿಟ್ಟೆನೆಂದು ಯಾರಿಗೂ ಹೇಳಲಿಲ್ಲ.

ಹೆಂಡತಿ ರನ್‌ವೇಯ ಆಚೆ ಬದಿಯಲ್ಲಿ ಅವರೆ, ಹೀರೆ, ಮೆಂತ್ಯ ಹಾಕಿದ್ದಳು. ಬಾವಿ ಈಚೆ ಬದಿಯಲ್ಲಿ. ನೀರಿನ ಪೈಪನ್ನು ಸುತ್ತು ಹಾಕಿಸಿ ಒಯ್ಯಬೇಕಾಗಿತ್ತು. ಯಾರು ಬರುತ್ತಾರೆ ಎಂದುಕೊಂಡು ರನ್‌ವೇಗೆ ಅಡ್ಡಲಾಗಿ ಟ್ರೆಂಚ್ ತೋಡಿ ಪೈಪ್ ಹೂತೆ. ಮಣ್ಣನ್ನು ಸರಿಯಾಗಿ ಗುದ್ದಿ ಗಟ್ಟಿ ಮಾಡದೆ ಮೇಲೆ ಹುಲ್ಲಿನ ಹೆಂಟೆಗಳನ್ನು ಹಾಸಿದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಒಂದು ವಾರದಲ್ಲಿ ಅದು ಎಲ್ಲಿದೆಯೆಂದು ನನಗೇ ಹುಡುಕಬೇಕಾಯಿತು. ಶೆಡ್ಡಿನಲ್ಲಿದ್ದ ನನ್ನ ಎರಡು ಸೀಟಿನ ಪುಟ್ಟ ವಿಮಾನಕ್ಕೆ ರನ್‌ವೇಯ ಪೈನ್ ಮರಗಳ ಕಡೆಯ ಅರ್ಧವೇ ಸಾಕು, ಟ್ರೆಂಚ್ ಇದ್ದ ಕಡೆ ನಾನು ಹೋಗುತ್ತಲೇ ಇರಲಿಲ್ಲ. ವಸಂತದ ಮಳೆ ಬಂತು. ಹುಲ್ಲಿನ ಕೆಳಗಿನ ಮಣ್ಣು ಕುಸಿಯಿತು, ಹುಲ್ಲು ಮಾತ್ರ ಹಸಿರಾಗಿ ಹಾಗೇ ನಿಂತಿತ್ತು.

ಎರಡು ದಿನ ಮಳೆ ಹೊಡೆದು ಬಿಟ್ಟ ಒಂದು ಶನಿವಾರ. ನಾನು ಲುಂಗಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ. ಮನೆಯ ಮೇಲೆ ಒಂದು ವಿಮಾನ ಸುತ್ತು ಹಾಕಿತು. ಇಳಿಯುವ ಮೊದಲು ರನ್‌ವೇ ನೋಡಿಕೊಳ್ಳಲು ಹಾಗೆ ಸುತ್ತುತ್ತಾರೆ. ಎರಡನೇ ಸುತ್ತಿಗೆ ಹೆಂಡತಿ ಅಡಿಗೆಮನೆಯಿಂದ, "ರೀ, ಯಾರೋ ಬಂದ್ರು ನೋಡಿ" ಎಂದಳು.

ಬಂದರು! ಆ ಹೊತ್ತಿನಲ್ಲಿ ನನಗೆ ಬೇರೇನೂ ಹೊಳೆಯಲಿಲ್ಲ. ಮೊದಲ ಅತಿಥಿಯನ್ನು ಲುಂಗಿಯಲ್ಲಿ ಎದುರುಗೊಳ್ಳುವುದು ಹೇಗೆ? ಒಳಗೆ ಹೋಗಿ ಪ್ಯಾಂಟು ಹುಡುಕಿದೆ. ಇಸ್ತ್ರಿ ಮಾಡಿದ ಶರ್ಟು ಹುಡುಕಿದೆ. ಕೈಯಲ್ಲಿ ಹಿಡಿಯುವ ರೇಡಿಯೋ ಒಂದು ಇದೆ, ಅದರಲ್ಲಿ ಎರಡು ಮಾತು ಹೇಳಿದ್ದರೂ ಸಾಕಿತ್ತು. ಅದು ಚಾರ್ಜ್ ಇಲ್ಲದೆ ಮಸಾಲೆ ಡಬ್ಬಿಗಳ ಪಕ್ಕ ಬಿದ್ದಿತ್ತು. ಮೂರನೇ ಗುಂಡಿ ಹಾಕುವಾಗ ಟ್ರೆಂಚ್ ನೆನಪಾಯಿತು. ಬರಿಗಾಲಿನಲ್ಲೇ ಓಡಿದೆ. ಲುಂಗಿಯಲ್ಲೇ ಓಡಿದ್ದರೆ ಸಮಯಕ್ಕೆ ಮುಟ್ಟುತ್ತಿದ್ದೆ, ನಡುವೆ ನಿಂತು ಕೈ ಬೀಸಿದ್ದರೆ ಅವನು ಮೇಲೆ ಎದ್ದು ಹೋಗುತ್ತಿದ್ದ. ಇದನ್ನು ಇಷ್ಟು ದಿನ ಹೆಂಡತಿಗೂ ಹೇಳಿರಲಿಲ್ಲ.

ಬಂದವನು ರಾಕ್‌ವಿಲ್‌ನ ಹುಡುಗ, ಅವನು ಇಳಿದದ್ದು ಬಹಳ ಚೆಂದವಾಗಿತ್ತು. ಅದನ್ನು ಹೇಳಲೇಬೇಕು. ಪೈನ್ ಮರಗಳ ಮೇಲಿಂದ ಬಂದು, ಹಿಂದಿನ ಚಕ್ರಗಳನ್ನು ಹುಲ್ಲಿಗೆ ತಾಗಿಸಿ, ಮೂತಿಯನ್ನು ಎಷ್ಟು ಹೊತ್ತು ಎತ್ತಿ ಹಿಡಿಯಬೇಕೋ ಅಷ್ಟು ಹೊತ್ತು ಹಿಡಿದು ಬಂದ. ಕೊನೆಗೆ ಮುಂದಿನ ಚಕ್ರ ಕೆಳಗೆ ಬಂತು. ಅದು ಬಂದದ್ದು ನೇರವಾಗಿ ನನ್ನ ಟ್ರೆಂಚಿಗೆ. ಮೂತಿ ಮುಗ್ಗರಿಸಿತು, ಪ್ರೊಪೆಲ್ಲರ್ ಮಣ್ಣು ಅಗೆದು ನಿಂತಿತು. ಆಮೇಲೆ ಒಂದು ಹಕ್ಕಿಯ ಸದ್ದು ಮಾತ್ರ ಕೇಳುತ್ತಿತ್ತು.

ಇಬ್ಬರೂ ತಾವೇ ಇಳಿದರು. ಬೆಲ್ಟು ಕಾಪಾಡಿತ್ತು. ಅವನ ಹೆಂಡತಿ ನನ್ನ ಹೆಂಡತಿಗೆಂದು ಮಡಿಲಲ್ಲಿ ಇಟ್ಟುಕೊಂಡು ತಂದಿದ್ದ ಕರಿಬೇವಿನ ಗಿಡದ ಕುಂಡ ಒಡೆದು ಅವಳ ತುಟಿ ಸೀಳಿತ್ತು, ಸೀರೆಯ ತುಂಬ ಮಣ್ಣು. ನನ್ನ ಹೆಂಡತಿ ನನಗಿಂತ ಮೊದಲು ತಲುಪಿ ಅವಳ ಗಲ್ಲ ಹಿಡಿದು ಗಾಯ ನೋಡುತ್ತಿದ್ದಳು. ಅವನು ಬಿಳಿಚಿಕೊಂಡು ನಿಂತಿದ್ದ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು, ದೇವರ ಮುಂದೆ ಹೇಳಬೇಕಾದಾಗಲೂ ಇದೇ ಮಾತು ಹೇಳಬೇಕಾಗುತ್ತದೆ:

"ಒಂದು ಫೋನ್ ಮಾಡಿ ಬರೋದಲ್ವೇನಪ್ಪಾ?"

ಅವನು ನನ್ನ ಮುಖ ನೋಡಿದ. ನೀವೇ ಬೇಡ ಎಂದಿರಲ್ಲ ಎನ್ನಬಹುದಿತ್ತು.

"ಸಾರಿ ಅಂಕಲ್" ಎಂದ.

ಹೆಂಗಸರಿಬ್ಬರೂ ತಿರುಗಿ ನನ್ನನ್ನು ನೋಡಿದರು. ನಾನು ಬಗ್ಗಿ ಮುರಿದ ಕುಂಡದ ಚೂರುಗಳನ್ನು ಆರಿಸತೊಡಗಿದೆ. ಅಷ್ಟು ಶ್ರದ್ಧೆಯಿಂದ ನಾನು ಕಸ ತೆಗೆದದ್ದು ಅದೇ ಮೊದಲು.

ಅವತ್ತು ಸಂಜೆ ಅವರು ಬಾಡಿಗೆ ಕಾರಿನಲ್ಲಿ ವಾಪಸ್ ಹೋದರು. ವಿಮಾನ ನಮ್ಮ ಜಮೀನಿನಲ್ಲೇ ಉಳಿಯಿತು. ಅದಕ್ಕೆ ನೀಲಿ ಟಾರ್ಪಾಲು ಹೊದಿಸಿ ಕಟ್ಟಿದೆವು. ಅಡಿಗೆಮನೆಯ ಕಿಟಕಿಯಿಂದ ನೋಡಿದರೆ ಮಂಡಿಯೂರಿದ ಪ್ರಾಣಿಯಂತೆ ಕಾಣುತ್ತಿತ್ತು. ನಾನು ಕಾಫಿ ಕುಡಿಯುವ ಜಾಗವನ್ನು ನಡುಮನೆಗೆ ಬದಲಾಯಿಸಿದೆ.

ಸುದ್ದಿ ಗ್ರೂಪಿಗೆ ಹೋಯಿತು. ಡಾಕ್ಟರು ಉದ್ದಕ್ಕೆ ಬರೆದರು. ಖಾಸಗಿ ರನ್‌ವೇಯಲ್ಲಿ ಮಾಲೀಕರನ್ನು ಕೇಳದೆ ಇಳಿಯಬಾರದು, ಇದು ಎಲ್ಲರಿಗೂ ಪಾಠ, ಅಂಕಲ್ಲಿಗೆ ಆದ ತೊಂದರೆಗೆ ವಿಷಾದ. ಕೆಳಗೆ ಹೆಬ್ಬೆರಳುಗಳ ಸಾಲು. ಆ ಹೆಬ್ಬೆರಳುಗಳ ಮಾಲೀಕರೆಲ್ಲರಿಗೂ ನಾನೇ ಫೋನ್ ಮಾಡಬೇಡಿ ಎಂದು ಹೇಳಿ ಕರೆದಿದ್ದೆ. ಒಬ್ಬರಿಗೂ ಅದು ನೆನಪಿರಲಿಲ್ಲ. ನಾನು ಹೇಳಿದ್ದನ್ನು ಅವರು ಅವತ್ತೇ ಕೇಳಿಸಿಕೊಂಡಿರಲಿಲ್ಲವೇನೋ. ನಾನು ಕೈಮುಗಿಯುವ ಚಿತ್ರವೊಂದನ್ನು ಹಾಕಿದೆ. ಅದನ್ನು ಯಾವ ಅರ್ಥಕ್ಕೆ ಬೇಕಾದರೂ ಎಳೆಯಬಹುದು, ಅದಕ್ಕೇ ಹಾಕಿದ್ದು. ರಾಕ್‌ವಿಲ್‌ನವನು ಏನೂ ಬರೆಯಲಿಲ್ಲ.

ಕೆಲವು ದಿನಗಳ ಮೇಲೆ ಅವನ ವಿಮೆ ಕಂಪನಿಯವನು ನನಗೆ ಫೋನ್ ಮಾಡಿದ. ಬಹಳ ಸೌಮ್ಯ ದನಿಯ ಅಮೆರಿಕನ್. ಹವೆ ಹೇಗಿದೆ ಎಂದು ವಿಚಾರಿಸಿ, ಒಂದೇ ವಿಷಯ ತಿಳಿಯಬೇಕಿತ್ತು ಎಂದ. ಇಳಿಯುವ ಮೊದಲು ಪೈಲಟ್ ನಿಮ್ಮ ಅನುಮತಿ ಕೇಳಿದ್ದರೇ?

"ಅವತ್ತು ಕೇಳಿರಲಿಲ್ಲ" ಎಂದೆ.

ಅವನು ಥ್ಯಾಂಕ್ಸ್ ಹೇಳಿದ. ನಾನೂ ಹೇಳಿದೆ. ನಾನು ಸುಳ್ಳು ಹೇಳಲಿಲ್ಲ. ಅವತ್ತು ಅವನು ಕೇಳಿರಲಿಲ್ಲ. ಕೋರ್ಟಿನಲ್ಲಿ ನಿಲ್ಲಿಸಿದರೂ ಆ ಮಾತು ನಿಲ್ಲುತ್ತಿತ್ತು. ಎಸ್ಸೆಸ್ಸೆಲ್ಸಿ ಓದಿದವನಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ಆ ಮಧ್ಯಾಹ್ನ ಸ್ವಲ್ಪ ಹೆಮ್ಮೆಯೂ ಆಯಿತು.

ಆ ಮಾತಿನ ಬೆಲೆ ಏನೆಂದು ಆಮೇಲೆ ತಿಳಿಯಿತು. ಅನುಮತಿ ಇಲ್ಲದೆ ಇಳಿದದ್ದಾದರೆ ರಿಪೇರಿಯ ಖರ್ಚು ಕೊಡುವುದಿಲ್ಲ ಎಂದು ಕಂಪನಿ ಅವನಿಗೆ ತಿಳಿಸಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಕೇಳದೆ ಇಳಿಯುವವನು ಎಂದು ಒಮ್ಮೆ ಹೆಸರು ಬಿದ್ದರೆ ಮತ್ತೆ ಯಾರೂ ಅವನಿಗೆ ವಿಮೆ ಕೊಡಲಿಕ್ಕಿಲ್ಲ, ವಿಮೆ ಇಲ್ಲದೆ ಅವನ ಏರ್‌ಪೋರ್ಟಿನಲ್ಲಿ ವಿಮಾನ ನಿಲ್ಲಿಸಲು ಬಿಡುವುದಿಲ್ಲ. ಅವನು ಹಾರುವುದು ಅಲ್ಲಿಗೆ ಮುಗಿದಂತೆ. ಇದನ್ನು ಅವನು ನನಗೆ ಹೇಳಲಿಲ್ಲ. ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳು. ಗಾಯದ ಹೊಲಿಗೆ ಬಿಚ್ಚಿಸಿದ ವಿಷಯ ಮಾತಾಡುವಾಗ, ದೂರೇನೂ ಇಲ್ಲದೆ.

ನನ್ನ ಹೆಂಡತಿ ಫೋನ್ ಕೆಳಗಿಟ್ಟು ನಡುಮನೆಗೆ ಬಂದಳು. ವಿಮೆಯವನಿಗೆ ಏನು ಹೇಳಿದಿರಿ ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ ಎಂದೆ. ಏನು ಎಂದು ಮತ್ತೆ ಕೇಳಿದಳು. ಹೇಳಿದೆ.

"ಅವತ್ತು ಅನ್ನೋ ಪದ ಯಾಕೆ ಬಂತು?"

"ಅವನು ಅವತ್ತಿನ ವಿಷಯ ಕೇಳಿದ."

"ರಾಕ್‌ವಿಲ್‌ನಲ್ಲಿ ಆ ಹುಡುಗ ಕೇಳಿದಾಗ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ."

"ವಿಮೆಯವನು ಅದನ್ನ ಕೇಳಲಿಲ್ಲ ಕಣೇ."

"ಮೂವತ್ತು ವರ್ಷ ವಾರ್ಡಿನಲ್ಲಿ ಇದ್ದೆ. ತಪ್ಪು ಔಷಧಿ ಕೊಟ್ಟು, ರೋಗಿ ಹೇಳಲಿಲ್ಲ ಅನ್ನೋರನ್ನ ನೋಡಿದ್ದೀನಿ. ಅವರೂ ಹೀಗೇ ಮಾತಾಡ್ತಿದ್ರು."

ಇಷ್ಟು ಹೇಳಿ ತೋಟಕ್ಕೆ ಹೋದಳು. ಮಾತು ಬಿಡಲಿಲ್ಲ, ಊಟ ಬಡಿಸುವುದನ್ನೂ ಬಿಡಲಿಲ್ಲ. ಆದರೆ ಆ ಪೈಪಿನ ನಲ್ಲಿಯನ್ನು ಮತ್ತೆ ತಿರುಗಿಸಲಿಲ್ಲ. ಬಾವಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಗಿಡಗಳಿಗೆ ಹಾಕತೊಡಗಿದಳು. ಮಂಡಿ ನೋವಿನ ಹೆಂಗಸು. ನಾನು ಬಕೆಟ್ ಹಿಡಿಯಲು ಹೋದರೆ, ಬೇಡ, ನಿಮಗೆ ಶ್ರಮ ಎಂದಳು.

ನಾನು ಏಕೆ ಹಾಗೆ ಹೇಳಿದೆ ಎಂದು ಯೋಚಿಸಿದ್ದೇನೆ. ನಿಜ ಹೇಳಿದರೆ ಟ್ರೆಂಚಿನ ವಿಷಯ ಬರುತ್ತದೆ, ನನ್ನ ವಿಮೆಯವರು ಕೈ ಎತ್ತುತ್ತಾರೆ, ರನ್‌ವೇಗೆ ಯಾರನ್ನೂ ಕರೆಯುವ ಹಾಗಿರುವುದಿಲ್ಲ ಎಂಬ ಭಯವಿತ್ತು. ಆದರೆ ಅದಕ್ಕಿಂತ ಕೆಟ್ಟ ಕಾರಣ ಇನ್ನೊಂದಿದೆ. ಗ್ರೂಪಿನಲ್ಲಿ ಡಾಕ್ಟರು ನನ್ನ ಪರವಾಗಿ ಬರೆದಿದ್ದರು. ಹೋಳಿಗೆಗೆ ಎದ್ದು ಹೋಗುತ್ತಿದ್ದವನ ಪರವಾಗಿ ಒಬ್ಬ ಹೃದಯದ ಡಾಕ್ಟರು! ಅಂಕಲ್ಲಿಗೆ ಆದ ತೊಂದರೆಗೆ ವಿಷಾದ ಎಂಬ ಆ ಸಾಲನ್ನು ನಾನು ಎಷ್ಟು ಸಲ ತೆಗೆದು ಓದಿದ್ದೇನೋ. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ಆ ಬಕೆಟ್ಟುಗಳು ನನ್ನನ್ನು ಸೋಲಿಸಿದವು. ಒಂದು ಬೆಳಿಗ್ಗೆ ವಿಮೆಯವನಿಗೆ ನಾನೇ ಫೋನ್ ಮಾಡಿದೆ. ಆ ಹುಡುಗ ಮೊದಲೇ ಕೇಳಿದ್ದ, ನಾನೇ ಫೋನ್ ಬೇಡ ಎಂದಿದ್ದೆ, ಯಾವಾಗ ಬೇಕಾದರೂ ಬಾ ಎಂದು ಮನೆಗೆ ಹೋಗಿ ಕರೆದಿದ್ದೆ, ಟ್ರೆಂಚ್ ತೋಡಿದವನು ನಾನು, ತೋಡಿದೆನೆಂದು ಹೇಳದವನೂ ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ವಿಮೆಯವನು ಬರೆದುಕೊಳ್ಳುತ್ತಿದ್ದ. ಫೋನ್ ಮಾಡಿ ಬರಬೇಡ ಎಂದು ಯಾಕೆ ಹೇಳಿದಿರಿ ಎಂದು ಕೇಳಿದ. ನಮ್ಮಲ್ಲಿ ಪ್ರೀತಿ ಇದ್ದರೆ ಹಾಗೆ ಹೇಳುತ್ತೇವೆ ಎಂದೆ. ಪ್ರೀತಿಯ ಸ್ಪೆಲಿಂಗ್ ಕೇಳುವವನಂತೆ, ಅದನ್ನು ಹೇಗೆ ಬರೆದುಕೊಳ್ಳಲಿ ಎಂದ. ಅನುಮತಿ ಇತ್ತು ಎಂದು ಬರೆದುಕೊಳ್ಳಿ ಎಂದೆ.

ನಾನು ಹೆದರಿದ್ದಂತೆಯೇ ಆಯಿತು. ನನ್ನ ವಿಮೆಯವರು ಇನ್ನು ಮುಂದೆ ನಿಮ್ಮ ರನ್‌ವೇಯಲ್ಲಿ ನಿಮ್ಮದನ್ನು ಬಿಟ್ಟು ಬೇರೆ ವಿಮಾನ ಇಳಿಯಕೂಡದು ಎಂದರು. ಹುಡುಗನ ವಿಮೆ ಕಂಪನಿ ರಿಪೇರಿಯ ಖರ್ಚಿಗೆ ಒಪ್ಪಿತು. ಒಂದು ದಿನ ಲಾರಿ ಬಂದು ರೆಕ್ಕೆ ಬಿಚ್ಚಿದ ವಿಮಾನವನ್ನು ಹೊತ್ತು ಹೋಯಿತು.

ಆ ವಾರವೇ ರಾಕ್‌ವಿಲ್‌ಗೆ ಹೋದೆ. ಈ ಸಲ ಹೆಂಡತಿ ಬರಲಿಲ್ಲ, ನೀವೇ ಹೋಗಿ ಎಂದಳು. ಅವನು ಬಾಗಿಲು ತೆರೆದು ಒಳಗೆ ಕರೆದ. ನಾನು ಎಲ್ಲವನ್ನೂ ಹೇಳಿ ಮುಗಿಸುವ ಮೊದಲೇ, "ಬಿಡಿ ಅಂಕಲ್" ಎಂದ. ನಮ್ಮವರು ಬಿಡಿ ಎಂದರೆ ಕ್ಷಮಿಸಿದೆ ಎಂದೂ ಆಗಬಹುದು, ಈ ಮಾತು ನಿಲ್ಲಿಸಿ ಎದ್ದು ಹೋಗಿ ಎಂದೂ ಆಗಬಹುದು. ನಾನು ಮೊದಲನೆಯದನ್ನೇ ಹಿಡಿದುಕೊಂಡು ಏಳುವುದರಲ್ಲಿದ್ದೆ.

ಅವನ ಹೆಂಡತಿ ಟೀ ತಂದಿಟ್ಟಳು. ತುಟಿಯ ಮೇಲೆ ಗೆರೆ ಉಳಿದಿತ್ತು.

"ಬಿಡೋದು ಇವರ ಸ್ವಭಾವ ಅಂಕಲ್. ಗ್ರೂಪಲ್ಲಿ ಎಲ್ಲರೂ ಓದಿದ್ದಾರೆ, ಇವರು ಕೇಳದೆ ಇಳಿದರು ಅಂತ. ಅಲ್ಲಿ ಹೇಳಿ."

ಅವನು ಬೇಡ ಬೇಡ ಎಂದ. ಅವಳು ಅವನ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡುತ್ತ ನಿಂತಳು. ಅವರ ಸೋಫಾದಲ್ಲೇ ಕೂತು ಬರೆದೆ. ಅವನು ಕೇಳಿದ್ದ, ನಾನು ಬೇಡ ಎಂದಿದ್ದೆ, ಟ್ರೆಂಚ್ ನನ್ನದು, ತಪ್ಪು ಪೂರ್ತಿ ನನ್ನದು, ಇಷ್ಟು ದಿನ ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಅವಳಿಗೆ ಓದಲು ಕೊಟ್ಟೆ. ಓದಿ, ಫೋನ್ ವಾಪಸ್ ಕೊಟ್ಟಳು. ಕಳಿಸಿದೆ.

ಡಾಕ್ಟರು ಒಂದು ಹೆಬ್ಬೆರಳು ಹಾಕಿದರು. ಅಟ್ಲಾಂಟಾದವರು, ದೊಡ್ಡ ಮನಸ್ಸು ಅಂಕಲ್, ಎಂದು ಬರೆದರು. ತಪ್ಪು ಒಪ್ಪಿಕೊಂಡವನಿಗೆ ಹೊಗಳಿಕೆ, ತಪ್ಪಿಲ್ಲದೆ ಮಾತು ಕೇಳಿದವನಿಗೆ ಒಂದು ಸಾಲಿಲ್ಲ. ರಾಲಿಯವನು, ಹಳೇದೆಲ್ಲ ಯಾಕೆ ಅಂಕಲ್, ನಮ್ಮನ್ನು ಯಾವಾಗ ಕರೀತೀರಾ ಎಂದ. ಅವನ ಮನೆಗೆ ನಾನು ಕುಂಕುಮ ತೆಗೆದುಕೊಂಡು ಹೋಗಿ ಅವನ ಹೆಂಡತಿಯ ಕೈಯ ಚಿರೋಟಿ ತಿಂದು ಬಂದಿದ್ದೆ. ಅಷ್ಟು ಜನರಲ್ಲಿ ನನ್ನ ಮಾತನ್ನು ಮಾತೆಂದು ನಂಬಿ ಬಂದವನು ಒಬ್ಬನೇ. ನಂಬಿದ್ದಕ್ಕೆ ಅವನಿಗೆ ನಾನು ಮಾಡಿದ್ದು ಇದು. ಗ್ರೂಪಿನಲ್ಲಿ ಹೇಳಿದ್ದು ಎರಡೇ ಗಂಟೆಯಲ್ಲಿ ಬೇಸಿಗೆಯ ಪಿಕ್‌ನಿಕ್ಕಿನ ಫೋಟೋಗಳ ಕೆಳಗೆ ಹೋಯಿತು. ಅದಕ್ಕೇ ಇಲ್ಲಿ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ಅವನ ವಿಮಾನ ರಿಪೇರಿಯಾಗಿ ಬಂದಿದೆ. ಯಾವ ವಿಮಾನ ಎಲ್ಲಿ ಹಾರುತ್ತಿದೆ ಎಂದು ತೋರಿಸುವ ಆಪ್ ಒಂದಿದೆ, ಅದರಲ್ಲಿ ನೋಡುತ್ತೇನೆ. ಶನಿವಾರಗಳಲ್ಲಿ ರಾಕ್‌ವಿಲ್ ಪಕ್ಕದಿಂದ ಒಂದು ಚುಕ್ಕೆ ಏಳುತ್ತದೆ. ದಕ್ಷಿಣಕ್ಕೆ, ನಮ್ಮ ಕಡೆಗೆ, ಇದುವರೆಗೆ ಒಂದು ಸಲವೂ ತಿರುಗಿಲ್ಲ. ಪೆನ್ಸಿಲ್ವೇನಿಯಾದ ಬೆಟ್ಟಗಳ ಕಡೆ ಹೋಗಿ ಮಧ್ಯಾಹ್ನ ಹಿಂದಿರುಗುತ್ತದೆ. ಅವನು ಹಾರುತ್ತಿದ್ದಾನೆ, ಅಷ್ಟು ಖಚಿತ. ಹೆಂಡತಿ ಕನ್ನಡಕ ಹಾಕಿಕೊಂಡು ಬಂದು ನನ್ನ ಭುಜದ ಮೇಲಿಂದ ನೋಡುತ್ತಾಳೆ.

"ಅವಳೂ ಹತ್ತಿದ್ದಾಳಾ?" ಎಂದು ಕೇಳುತ್ತಾಳೆ.

ಒಳಗೆ ಎಷ್ಟು ಜನ ಕೂತಿದ್ದಾರೆ ಎಂಬುದನ್ನು ಆ ಚುಕ್ಕೆ ತೋರಿಸುವುದಿಲ್ಲ. ಗೊತ್ತಿಲ್ಲ ಎನ್ನುತ್ತೇನೆ. ಅದು ಇಳಿಯುವವರೆಗೂ ಇಬ್ಬರೂ ನೋಡುತ್ತೇವೆ.